ಹೆಪ್ಪು

ವರ್ಗಾವಣೆಯ ವೃತ್ತಿಯಲ್ಲಿ ನಾನು ಏಳು ಊರುಗಳ ನೀರು ಕುಡಿದವನು. ಹೇಗೂ ಬಿಟ್ಟುಹೋಗುವ ಊರೆಂದು ಯಾರನ್ನೂ ಹಚ್ಚಿಕೊಳ್ಳಲಿಲ್ಲ. ಒಂದೂರಿನಲ್ಲಿ ನೆರೆಮನೆಯ ಹಿರಿಯರು ತೀರಿಕೊಂಡದ್ದು ನನಗೆ ತಿಳಿದದ್ದು ಮೂರನೆಯ ದಿನ. ಆ ನಾಚಿಕೆಯನ್ನು ಹೊತ್ತೇ ಬೀದರಿಗೆ ಹೋದೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಆ ಸೀಮೆಯ ಕನ್ನಡದಲ್ಲಿ ಉರ್ದು, ಮರಾಠಿಗಳು ಬೆರೆತಿವೆ. ಕನ್ನಡದ ಮೇಷ್ಟರಾದ ನಾನೇ ತಡವರಿಸಿದೆ.

ಮೊದಲ ಸಂಜೆ ಹಾಲು ಕಾಯಿಸಿದ್ದಾಯಿತು, ಹೆಪ್ಪಿಗೆ ಮಜ್ಜಿಗೆಯಿಲ್ಲ. ಸಂಕೋಚದಿಂದಲೇ ಪಕ್ಕದ ಮನೆಯ ಕದ ತಟ್ಟಿದೆ. ಆ ತಾಯಿ ಮಜ್ಜಿಗೆಯೊಂದಿಗೆ ಎರಡು ಜೋಳದ ರೊಟ್ಟಿಯನ್ನೂ ಕೊಟ್ಟರು. ಬಟ್ಟಲನ್ನು ಬರಿದಾಗಿ ಮರಳಿಸಲಾದೀತೆ? ಹೋಗಿಬರುವುದು ಹಾಗೆ ಬೆಳೆಯಿತು.

ಕೇಳುಗರೇ, ಯಾರ ಹಂಗೂ ಇಲ್ಲದೆ ಬಾಳುವುದೇ ಸ್ವಾಭಿಮಾನವೆಂದುಕೊಂಡಿದ್ದೆ. ಅದು ಬರಿಯ ಒಂಟಿತನವಾಗಿತ್ತು. ತನ್ನಷ್ಟಕ್ಕೆ ಬಿಟ್ಟ ಹಾಲು ಒಡೆಯುತ್ತದೆ. ನೆರೆಮನೆಯ ಒಂದು ಚಮಚ ಮಜ್ಜಿಗೆ ಬಿದ್ದರೆ ಮೊಸರಾಗುತ್ತದೆ.