ಹೊಳೆಯ ಪಂಚಾಂಗ, ಹೊಲದ ಪಂಚಾಂಗ



ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಹರಿಹರ–ದಾವಣಗೆರೆ ಸೀಮೆಯ ಭೂಗೋಳ ಮತ್ತು ಹವಾಮಾನ’ ಎಂದು ಅಚ್ಚಾಗಿದೆ. ಅಷ್ಟು ದೊಡ್ಡ ಹೊರೆ ಹೊರಲು ಒಂದು ಗಂಟೆ ಸಾಲದು, ನನ್ನ ವಯಸ್ಸೂ ಬಿಡದು. ಬಹಳ ವರ್ಷದಿಂದ ತಲೆಯಲ್ಲಿ ಇಟ್ಟುಕೊಂಡು ತಿರುಗುತ್ತಿರುವ ಒಂದು ತಕರಾರಿದೆ. ಅದನ್ನು ನಿಮ್ಮ ಮುಂದಿಟ್ಟು ಕೂತುಬಿಡುತ್ತೇನೆ.

ಹರಿಹರ ತುಂಗಭದ್ರಾ ಹೊಳೆದಂಡೆಯ ಊರು, ಅದಕ್ಕೇ ಅಲ್ಲಿ ಹವಾ ತಂಪು ಅಂತ ನಾವೆಲ್ಲ ಹೇಳುತ್ತೇವೆ. ಹುಣ್ಣಿಮೆ ಅಮಾವಾಸ್ಯೆಗೆ ಹರಿಹರೇಶ್ವರನ ದರ್ಶನಕ್ಕೆ ಹೋದವರು ಸಂಜೆ ದಂಡೆಯ ಮೇಲೆ ನಿಂತು ಗಾಳಿ ಕುಡಿದು ಬಂದು ಹಾಗೆ ಹೇಳಿದರೆ ತಪ್ಪೇನಿಲ್ಲ. ಆದರೆ ಹೊಳೆ ಹರಿಹರದ್ದಲ್ಲ. ಅದು ಹರಿಹರದ ಮೂಲಕ ಹಾದುಹೋಗುತ್ತದೆ, ಅಷ್ಟೆ. ಆ ನೀರು ಗಂಗಾಮೂಲದ ಕಾಡಿನಲ್ಲಿ ಹುಟ್ಟಿ, ಶೃಂಗೇರಿ, ತೀರ್ಥಹಳ್ಳಿ, ಬಾಳೆಹೊನ್ನೂರುಗಳ ಮಳೆ ಹೊತ್ತು ತಂದದ್ದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುತ್ತದೆ. ನಮ್ಮಲ್ಲಿ 600ರ ಆಸುಪಾಸು. ಘಟ್ಟದ ಗೋಡೆ ದಾಟಿ ಬರುವಷ್ಟರಲ್ಲಿ ಮೋಡದ ಸತ್ವವೆಲ್ಲ ಅಲ್ಲೇ ಇಳಿದಿರುತ್ತದೆ. ನಮಗೆ ಬರುವುದು ಗಾಳಿ, ಜಿಟಿಜಿಟಿ, ಕವಿದ ಮಬ್ಬು.

ಪ್ರಮಾಣದ ವ್ಯತ್ಯಾಸ ಎಲ್ಲರಿಗೂ ಗೊತ್ತು. ನನ್ನ ತಕರಾರು ತಾರೀಕಿನದು. ಹೊಳೆ ತುಂಬುವುದು ಪುಷ್ಯ, ಆಶ್ಲೇಷ ಮಳೆಗಳಲ್ಲಿ, ಅಂದರೆ ಜುಲೈ ಕೊನೆ, ಆಗಸ್ಟ್ ಮೊದಲು. ನಮ್ಮ ಹೊಲಕ್ಕೆ ಹದವಾದ ಮಳೆ ಬೀಳುವುದು ಹುಬ್ಬೆ, ಉತ್ತರೆ, ಹಸ್ತದಲ್ಲಿ, ಸೆಪ್ಟೆಂಬರ್‌ನಿಂದ ಅಕ್ಟೋಬರ್‌ವರೆಗೆ. ಜುಲೈಯಲ್ಲಿ ಹರಿಹರದ ಹಳೇ ಸೇತುವೆ ಹತ್ತಿರ ನಿಂತು ನೋಡಿ. 1868ರಲ್ಲಿ ಮುಗಿದ ಕಲ್ಲು–ಇಟ್ಟಿಗೆಯ ಸೇತುವೆ ಅದು. ಕೆಮ್ಮಣ್ಣಿನ ನೀರು ದಂಡೆಯಿಂದ ದಂಡೆಗೆ ತುಂಬಿ, ಕಮಾನುಗಳ ಕಾಲಿಗೆ ಸುಳಿ ಸುತ್ತಿಕೊಂಡು, ಬೇರು ಸಮೇತ ಕಿತ್ತ ಮರದ ಬೊಡ್ಡೆಗಳನ್ನು ತಿರುವುತ್ತ ಹೋಗುತ್ತಿರುತ್ತದೆ. ಅಲ್ಲಿಂದ ಒಂದೆರಡು ಮೈಲಿ ದಂಡೆ ಬಿಟ್ಟು ಬನ್ನಿ, ಎರೆ ಹೊಲದ ಮೆಕ್ಕೆಜೋಳ ಮಧ್ಯಾಹ್ನದ ಹೊತ್ತಿಗೆ ಗರಿ ಸುರುಳಿ ಸುತ್ತಿಕೊಂಡು ನಿಂತಿರುತ್ತದೆ. ರೈತ ಬಸ್ಸಿನಲ್ಲಿ ಸೇತುವೆ ದಾಟುವಾಗ ಹೊಳೆ ನೋಡಿ ಕೈ ಮುಗಿಯುತ್ತಾನೆ, ಇಳಿದು ಹೊಲಕ್ಕೆ ಬಂದು ಆಕಾಶ ನೋಡುತ್ತಾನೆ. ಒಂದೇ ಊರಿಗೆ ಎರಡು ಪಂಚಾಂಗ.

ಈ ತಾರೀಕಿನ ಹುಚ್ಚು ಹಿಡಿಸಿದವರು ನಮ್ಮ ಭೂಗೋಳದ ಮೇಷ್ಟ್ರು. ಬಿಳಿ ಪಂಚೆ, ಕರಿ ಕೋಟು. ಗೋಡೆಗೆ ಹಾಕುವ ನಕ್ಷೆಯನ್ನು ತಾವೇ ಬಟ್ಟೆಯ ಮೇಲೆ ಬರೆದು ತರುತ್ತಿದ್ದರು, ಯಾಕೆಂದರೆ ಕಾಲೇಜಿನ ನಕ್ಷೆಯಲ್ಲಿ ನದಿ ಇದ್ದ ಜಾಗವನ್ನೇ ಗೆದ್ದಲು ತಿಂದಿತ್ತು. ‘ಹೊಳಿ ತಿಳ್ಕೋಬೇಕಂದ್ರೆ ನೀರು ನೋಡಬ್ಯಾಡ್ರೋ, ತಾರೀಕು ನೋಡ್ರಿ’ ಅನ್ನುತ್ತಿದ್ದರು. ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಲೇ ಪಾಠ ಮುಂದುವರಿಸುತ್ತಿದ್ದ ಮನುಷ್ಯ. ಅವರು ಬಾಳಿನಲ್ಲಿ ಬೆಂಗಳೂರು ದಾಟಿದವರಲ್ಲ, ಆದರೆ ಫ್ರಾನ್ಸಿನ ಭೂಗೋಳಶಾಸ್ತ್ರಜ್ಞ ವಿದಾಲ್ ದ ಲಾ ಬ್ಲಾಶ್ ಅವರಿಗೆ ಮನೆದೇವರು. ನೆಲ ಮನುಷ್ಯನಿಗೆ ಅಪ್ಪಣೆ ಕೊಡುವುದಿಲ್ಲ, ನಾಲ್ಕು ದಾರಿ ತೋರಿಸುತ್ತದೆ, ಯಾವುದನ್ನು ಹಿಡಿಯಬೇಕು ಅನ್ನುವುದು ಮನುಷ್ಯನ ಬಾಬತ್ತು ಎಂಬುದು ಆ ಪಂಥದ ಮಾತು. ಫ್ರಾನ್ಸಿನ ಲಿಯಾನ್ ಪಟ್ಟಣದ ಪಾಠವನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲೇ.

ಲಿಯಾನ್‌ನಲ್ಲಿ ಎರಡು ನದಿ ಕೂಡುತ್ತವೆ, ರೋನ್ ಮತ್ತು ಸೋನ್. ರೋನ್ ಆಲ್ಪ್ಸ್ ಪರ್ವತದ ಹಿಮನದಿಯಿಂದ ಹೊರಟು ಜಿನೀವಾ ಸರೋವರ ಹಾದು ಬರುತ್ತದೆ. ಹಿಮ ಕರಗುವ ಕಾಲಕ್ಕೆ, ವಸಂತ ಮುಗಿದು ಬೇಸಿಗೆ ಹುಟ್ಟುವಾಗ ಅದರ ಮೈ ತುಂಬಿರುತ್ತದೆ. ಸೋನ್ ಉತ್ತರದ ಬಯಲಿನ ಮಳೆನೀರಿನ ನದಿ. ಚಳಿಗಾಲದಲ್ಲಿ ತುಂಬುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ. ಯಾವ ಕಡೆ ಹರಿಯುತ್ತಿದೆ ಎಂದು ಕಣ್ಣಿಗೆ ತಿಳಿಯದಷ್ಟು ನಿಧಾನ ಅಂತ ಜೂಲಿಯಸ್ ಸೀಸರನೇ ಬರೆದಿಟ್ಟಿದ್ದಾನೆ. ಆ ಊರಿನ ದೊಡ್ಡ ನೆರೆಗಳನ್ನೇ ನೋಡಿ. 1840ರದ್ದು ಸೋನ್ ನದಿಯದು, ನವೆಂಬರಿನಲ್ಲಿ. 1856ರದ್ದು ರೋನ್ ನದಿಯದು, ಮೇ ತಿಂಗಳಲ್ಲಿ. ಒಂದು ಇಳಿದಾಗ ಇನ್ನೊಂದು ಏರುತ್ತದೆ. ಮಳೆಯೂ ಅಲ್ಲಿ ವರ್ಷಕ್ಕೆ 800 ಮಿಲಿಮೀಟರ್ ಚಿಲ್ಲರೆ, ಹನ್ನೆರಡು ತಿಂಗಳಿಗೂ ಹಂಚಿಕೊಂಡು ಬೀಳುತ್ತದೆ. ಲಿಯಾನ್‌ನವರು ತಮಗೆ ಮೂರನೆಯ ನದಿಯೂ ಒಂದಿದೆ, ಅದು ಬೋಜೊಲೆ ಅಂತ ತಮಾಷೆ ಮಾಡುತ್ತಾರೆ. ಬೋಜೊಲೆ ಪಕ್ಕದ ಗುಡ್ಡಗಳ ದ್ರಾಕ್ಷಾರಸ. ಮೇಷ್ಟ್ರು ಇದನ್ನು ಹೇಳಿ, ತಾವು ಲಿಂಗವಂತರೆಂದು ನೆನಪಾದವರ ಹಾಗೆ ಕೆಮ್ಮಿ, ಮುಂದೆ ಹೋಗುತ್ತಿದ್ದರು.

ಆಮೇಲೆ ಕೂಡಲಿಗೆ ಬರುತ್ತಿದ್ದರು. ಶಿವಮೊಗ್ಗದ ಕೆಳಗೆ ತುಂಗೆ, ಭದ್ರೆ ಕೂಡುವ ಜಾಗ. ‘ನಮ್ಮವೂ ಎರಡೇ. ಆದ್ರೆ ಒಂದೇ ಗುಡ್ಡದಾಗ ಹುಟ್ಟಿ, ಒಂದೇ ಮಳಿ ಕುಡ್ದು, ಒಂದೇ ವಾರದಾಗ ತುಂಬಿ, ಒಂದೇ ವಾರದಾಗ ಇಳಿತಾವು. ಕೂಡಿ ಏನು ಬಂತು?’ ಎಂದು ಕೇಳುತ್ತಿದ್ದರು. ಇಡೀ ತರಗತಿ ನಗುತ್ತಿತ್ತು.

ನಾನು ಸೇರಿಸುವ ಮಾತು ಇಲ್ಲಿದೆ. ಮೇಷ್ಟ್ರ ಆ ಪಾಠ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ ಏಳುವ ಮೊದಲಿನ ಹೊಳೆಯದು. 1960ರ ದಶಕದಲ್ಲಿ ಅದು ಮುಗಿದ ಮೇಲೆ ಕೂಡಲಿಯ ಲೆಕ್ಕವೇ ಬದಲಾಯಿತು. ಭದ್ರಾ ಜಲಾಶಯ ಹಿಡಿಯುವುದು 71.5 ಟಿಎಂಸಿ. ತುಂಗೆಗೆ ಗಾಜನೂರಿನಲ್ಲಿರುವ ಕಟ್ಟೆ ಹಿಡಿಯುವುದು 3.24. ಮುಂಗಾರು ಹಿಡಿದ ಕೆಲವೇ ದಿನದಲ್ಲಿ ಗಾಜನೂರು ತುಂಬಿ ಗೇಟು ಎತ್ತುತ್ತಾರೆ. ಭದ್ರೆ ಮಾತ್ರ 186 ಅಡಿ ಮುಟ್ಟುವ ತನಕ ಬಾಗಿಲು ಹಾಕಿಕೊಂಡು ಕೂತಿರುತ್ತಾಳೆ, ಕೆಲವು ವರ್ಷ ಮುಟ್ಟುವುದೂ ಇಲ್ಲ. ಹಾಗಾಗಿ ಜುಲೈಯಲ್ಲಿ ಹರಿಹರದ ಸೇತುವೆ ಕೆಳಗೆ ಕಾಣುವ ಕೆಂಪು ನೀರು ಬಹುಪಾಲು ತುಂಗೆಯದು. ಜನವರಿಯಿಂದ ಮೇ ತನಕ ನಮ್ಮ ಚಾನಲ್ಲಿನಲ್ಲಿ ಹರಿಯುವುದು, ಕುಡಿಯುವ ನೀರಿಗೆಂದು ನದಿಗೆ ಬಿಡುವುದು, ಭದ್ರೆಯದು. ತುಂಗೆ ಮದುವೆ ಮನೆಯ ಮುಯ್ಯಿ, ಭದ್ರೆ ತಿಂಗಳ ಸಂಬಳ. ಲಿಯಾನ್‌ಗೆ ಹಿಮ ಕೊಟ್ಟದ್ದನ್ನು ಕೂಡಲಿಗೆ ಲಕ್ಕವಳ್ಳಿಯ ಗೋಡೆ ಕೊಟ್ಟಿತು: ಒಂದೇ ಮಳೆಯ ಎರಡು ನದಿಗೆ ಎರಡು ತಾರೀಕು.

ದಾವಣಗೆರೆ ಎರಡನ್ನೂ ಕುಡಿಯುತ್ತದೆ, ಗಮನಿಸಿ. ನಮ್ಮ ನಲ್ಲಿಗೆ ಬರುವ ನೀರಿನಲ್ಲಿ ಒಂದು ಪಾಲು ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ ನದಿಯಿಂದ ಎತ್ತಿದ್ದು. ಇನ್ನೊಂದು ಪಾಲು ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳದು. ಆ ಕೆರೆಗಳು ತುಂಬುವುದು ಭದ್ರಾ ಚಾನಲ್ಲಿನಿಂದ.

ಈ ವಾದವನ್ನು ನಾನು ಎಲ್ಲೇ ಎತ್ತಿದರೂ ಅಡ್ಡ ಬರುವವರು ಒಬ್ಬರಿದ್ದಾರೆ. ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಎಂಜಿನಿಯರ್, ನನ್ನ ಬೆಳಗಿನ ವಾಕಿಂಗ್ ಜೊತೆಗಾರರು. ‘ಸಾರ್, ಹಿಮ ಕರಗೋದಕ್ಕೂ ಗೇಟ್ ಎತ್ತೋದಕ್ಕೂ ಹೋಲಿಕೆ ಮಾಡ್ತೀರಲ್ಲ! ಹಿಮಕ್ಕೆ ಮೀಟಿಂಗ್ ಇರಲ್ಲ’ ಅನ್ನುತ್ತಾರೆ. ಮಾತು ನಿಜ. ಭದ್ರೆಯ ತಾರೀಕು ಗೊತ್ತಾಗುವುದು ಶಿವಮೊಗ್ಗ ಪಕ್ಕದ ಮಲವಗೊಪ್ಪದ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಯಲ್ಲಿ, ನೀರಾವರಿ ಸಲಹಾ ಸಮಿತಿ ಕೂತಾಗ. ಎಷ್ಟು ದಿನ ಬಿಡುವುದು, ಎಷ್ಟು ದಿನ ನಿಲ್ಲಿಸುವುದು, ಆ ‘ಆನ್ ಅಂಡ್ ಆಫ್’ ಪಟ್ಟಿ ಅಲ್ಲಿ ತಯಾರಾಗುತ್ತದೆ. 2023ರಲ್ಲಿ ಮುಂಗಾರು ಕೈಕೊಟ್ಟಿತು, ಭದ್ರೆ ತುಂಬಲಿಲ್ಲ. ನಾಲೆ ನಿಲ್ಲಿಸುತ್ತಾರೆ ಅಂದದ್ದಕ್ಕೆ ಸೆಪ್ಟೆಂಬರಿನಲ್ಲಿ ದಾವಣಗೆರೆ ಬಂದ್ ಆಯಿತು. ಗದ್ದೆಯಲ್ಲಿ ಭತ್ತ ನೆಟ್ಟಾಗಿತ್ತು, ಪಟ್ಟಿ ಬದಲಾಗಿತ್ತು. ಎಂಜಿನಿಯರ್ ಇನ್ನೊಂದು ಮಾತೂ ಹೇಳುತ್ತಾರೆ. ಒಳ್ಳೆ ವರ್ಷದಲ್ಲಿ ಭದ್ರೆ ಆಗಸ್ಟಿನಲ್ಲಿ ತುಂಬಿ ಕೋಡಿ ಹರಿಸಿದರೆ ತುಂಗೆಯ ಜೊತೆಗೇ ಬಂದು ಕೂಡುತ್ತಾಳೆ, ಆಗ ನಿಮ್ಮ ಎರಡು ಪಂಚಾಂಗ ಎಲ್ಲಿ ಹೋಯಿತು? ಹರಿಹರದ ಗಂಗಾನಗರದವರು ಗಂಟುಮೂಟೆ ಕಟ್ಟುವಾಗ ಇದು ತುಂಗೆಯೋ ಭದ್ರೆಯೋ ಅಂತ ಕೇಳುತ್ತ ಕೂರುವುದಿಲ್ಲ. ಉಕ್ಕಡಗಾತ್ರಿಗೆ ಹೋಗುವ ರಸ್ತೆಯೂ ಕೇಳದೆ ಮುಳುಗುತ್ತದೆ.

ಒಪ್ಪಿದೆ. ಆದರೂ ಹಟ ಬಿಡುವುದಿಲ್ಲ. ಮೀಟಿಂಗಿನ ತಾರೀಕೂ ತಾರೀಕೇ. ಅರವತ್ತು ವರ್ಷ ಆ ತಾರೀಕಿನ ಮೇಲೆ ಎರಡೂವರೆ ಲಕ್ಷ ಎಕರೆ ಬದುಕಿದ ಮೇಲೆ ಅದು ಈ ನೆಲದ ಭೂಗೋಳವಲ್ಲದೆ ಇನ್ನೇನು?

ಇತಿಹಾಸ ಬಹಳ ಬೆಳೆಸುವುದಿಲ್ಲ. ಹೊಯ್ಸಳ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಹರಿಹರೇಶ್ವರ ದೇಗುಲ ಕಟ್ಟಿಸಿದ್ದು ನಿಮಗೆ ಗೊತ್ತೇ ಇದೆ. ಅದೇ ಊರಿನ ಶಾಸನಗಳಲ್ಲಿ ಇನ್ನೊಂದು ಸಂಗತಿ ಇದೆ. 1410ರಲ್ಲಿ ಹರಿದ್ರಾ ಹೊಳೆಗೆ, ಅಂದರೆ ಸೂಳೆಕೆರೆಯಿಂದ ಬಂದು ಹರಿಹರದಲ್ಲಿ ತುಂಗಭದ್ರೆ ಸೇರುವ ಆ ಹಳ್ಳಕ್ಕೆ, ಅಣೆ ಕಟ್ಟಿ ಕಾಲುವೆ ತೆಗೆದರು. ಅದು ಒಡೆದು, 1424ರಲ್ಲಿ ಮತ್ತೆ ಕಟ್ಟಿಸಿದರು. ಊರ ಮುಂದೆಯೇ ಅಷ್ಟು ದೊಡ್ಡ ಹೊಳೆ ಹರಿಯುತ್ತಿರುವಾಗ ಅದನ್ನು ಬಿಟ್ಟು ಬಡ ಹರಿದ್ರೆಗೆ ಯಾಕೆ ಕೈ ಹಾಕಿದರು? ದೊಡ್ಡ ಹೊಳೆ ತಗ್ಗಿನಲ್ಲಿ ಹರಿಯುತ್ತದೆ, ಅದರ ಜುಲೈಯ ರಭಸಕ್ಕೆ ಆ ಕಾಲದ ಕಲ್ಲು–ಮಣ್ಣಿನ ಕಟ್ಟೆ ನಿಲ್ಲುವುದು ಕಷ್ಟ ಎಂದು ನನ್ನ ಊಹೆ. ಶಾಸನ ಓದುವವರು ಇಲ್ಲಿದ್ದರೆ ತಿದ್ದಬಹುದು.

ಇನ್ನು ಹವಾ. ಚಾನಲ್ ಬಂದ ಮೇಲೆ ದಾವಣಗೆರೆ ತಂಡಿಯಾಯಿತು, ಸೊಳ್ಳೆ ಹೆಚ್ಚಾಯಿತು, ಮಳೆಯೂ ಹೆಚ್ಚಾಯಿತು ಎಂದು ಹಿರಿಯರು ಹೇಳುತ್ತಾರೆ. ಮೊದಲ ಎರಡಕ್ಕೆ ನನ್ನ ತಕರಾರಿಲ್ಲ. ನೀರು ನಿಂತ ಗದ್ದೆ ಹಗಲಿನ ಬಿಸಿಲನ್ನು ಆವಿಯಾಗಿ ಕಳೆಯುತ್ತದೆ, ಸುತ್ತಲಿನ ಗಾಳಿ ತೇವವಾಗುತ್ತದೆ. ಏಪ್ರಿಲ್‌ನಲ್ಲಿ ಪಾದರಸ 37, 38 ಡಿಗ್ರಿ ಮುಟ್ಟುವ ದಿನ ನಾಲೆಯ ಕೊನೆಭಾಗದ ಭತ್ತದ ಗದ್ದೆಯ ಬದುವಿನ ಮೇಲೆ ನಿಂತರೆ ಮೈಗೇ ಗೊತ್ತಾಗುತ್ತದೆ. ಮಳೆ ಹೆಚ್ಚಾಯಿತು ಅನ್ನುವುದನ್ನು ಮಾತ್ರ ಒಪ್ಪಲಾರೆ. ಗದ್ದೆಯಿಂದ ಎದ್ದ ಆವಿ ಅದೇ ಗದ್ದೆಯ ಮೇಲೆ ಮಳೆಯಾಗಿ ಇಳಿಯಬೇಕೆಂಬ ಕರಾರು ಗಾಳಿಗೆ ಇಲ್ಲ. ಅದು ಆ ಆವಿಯನ್ನು ಎಲ್ಲಿಗೆ ಬೇಕಾದರೂ ಕೊಂಡೊಯ್ಯಬಹುದು. ಇನ್ನೊಂದು ಕಡೆ, ನಮ್ಮ ಶಾಮನೂರನ್ನೇ ನೋಡಿ. ಹಿಂದೆ ಊರಾಚೆ ಗದ್ದೆ ಇದ್ದ ಕಡೆ ಈಗ ಬಡಾವಣೆ, ಕಾಂಕ್ರೀಟು ರಸ್ತೆ, ಎರಡಂತಸ್ತಿನ ಮನೆ. ರಾತ್ರಿ ಹತ್ತಾದರೂ ಗೋಡೆ ಬಿಸಿ ಕಾರುತ್ತಿರುತ್ತದೆ. ಗದ್ದೆ ಕೊಟ್ಟ ತಂಪನ್ನು ಸೈಟು ವಾಪಸ್ ತೆಗೆದುಕೊಂಡಿದೆ. ಸೆಖೆ ಲಿಯಾನ್‌ನವರನ್ನೂ ಬಿಟ್ಟಿಲ್ಲ. 2003ರ ಆಗಸ್ಟಿನ ಬಿಸಿಗಾಳಿಯಲ್ಲಿ ಫ್ರಾನ್ಸಿನಲ್ಲಿ ಸುಮಾರು 15,000 ಜನ ತೀರಿಕೊಂಡರು. ಬೇಸಿಗೆ ಬಿಸಿ ಮೀರಿದರೆ ರೋನ್ ದಂಡೆಯ ಅಣು ವಿದ್ಯುತ್ ಸ್ಥಾವರಗಳು ಉತ್ಪಾದನೆ ತಗ್ಗಿಸಬೇಕಾಗುತ್ತದೆ, ತಂಪು ಮಾಡುವ ನೀರೇ ಕಾದಿರುತ್ತದೆ. ಎರಡು ನದಿ ಇದ್ದ ಮಾತ್ರಕ್ಕೆ ನಿಶ್ಚಿಂತೆ ಇಲ್ಲ.

ಸರ್ಕಾರದ ಕೃಷಿ ಹವಾಮಾನ ವಲಯದ ನಕ್ಷೆಯಲ್ಲಿ ಹೊನ್ನಾಳಿ, ಚನ್ನಗಿರಿ ದಕ್ಷಿಣದ ಅರೆಮಲೆನಾಡಿನ ವಲಯ, ಹರಿಹರ, ದಾವಣಗೆರೆ, ಜಗಳೂರು ಮಧ್ಯದ ಒಣ ವಲಯ. ಗೆರೆ ನಮ್ಮ ಜಿಲ್ಲೆಯ ನಡುವೆಯೇ ಹಾದಿದೆ. ಅಡಿಕೆ ಮರ ಆ ಗೆರೆಯನ್ನು ಕೇಳಿಲ್ಲ. ಚನ್ನಗಿರಿ ತುಂಬಿಸಿ, ದಾಟಿ, ಈ ಕಡೆ ಬಂದಿದೆ. ಮಳೆ ಬರಲಿಲ್ಲ, ಮಲೆನಾಡಿನ ಬೆಳೆ ಬಂತು. ವಿದಾಲ್‌ನ ಶಿಷ್ಯರು ಇದನ್ನು ನೋಡಿದ್ದರೆ ಹಿಗ್ಗುತ್ತಿದ್ದರು. ನಾನು ಅರ್ಧ ಹಿಗ್ಗುತ್ತೇನೆ. ಉಳಿದರ್ಧ ಬೋರ್‌ವೆಲ್ಲಿನ ಆಳ ಕೇಳಿ ಸುಮ್ಮನಾಗುತ್ತೇನೆ.

ಇಲ್ಲಿಂದ ಮುಂದೆ ನನಗೇ ದಾರಿ ಕಾಣುತ್ತಿಲ್ಲ, ಪ್ರಶ್ನೆ ಕೇಳಿ ಮುಗಿಸುತ್ತೇನೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯ 17.4 ಟಿಎಂಸಿ ಎತ್ತಿ ಭದ್ರೆಗೆ ಹಾಕಿ, ಭದ್ರೆಯಿಂದ 29.9 ಟಿಎಂಸಿ ಚಿತ್ರದುರ್ಗದ ಕಡೆ ಒಯ್ಯುತ್ತಾರೆ. ಅಂದರೆ ಮುಯ್ಯಿಯನ್ನು ತಂದು ಸಂಬಳದ ಖಾತೆಗೆ ಹಾಕುವುದು. ಮುಯ್ಯಿ ಬಾರದ 2023ರಂಥ ವರ್ಷ ಯಾರ ಸಂಬಳ ಕಡಿಯುತ್ತಾರೆ? ಹರಿಹರ ತಾಲ್ಲೂಕಿನ ದೀಟೂರಿನಿಂದ ನೀರೆತ್ತಿ ಜಗಳೂರಿನ 57 ಕೆರೆ ತುಂಬಿಸುವ ಕೆಲಸಕ್ಕೆ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಜುಲೈಯ ನೀರು ನಮಗೆ ಮಿಗತೆ, ಅವರಿಗೆ ಬದುಕು ಎಂದು ವಾದಿಸಿದವನು. ಹಾಗಾದರೆ ಏಪ್ರಿಲ್‌ನ ನೀರು? ಬೇಸಿಗೆ ಭತ್ತಕ್ಕೆ ಕೊಡುವ ಭದ್ರೆಯಲ್ಲಿ ಜಗಳೂರು, ಹೊಳಲ್ಕೆರೆ, ಹೊಸದುರ್ಗದವರು ಪಾಲು ಕೇಳಿದರೆ ಅದೇ ವಾದ ಅಲ್ಲಿಗೂ ಹೊಂದಬೇಕಲ್ಲವೇ? ನಮ್ಮ ಬೀಗರ ಗದ್ದೆ ಚಾನಲ್ಲಿನ ಕೊನೆಯಲ್ಲಿದೆ. ಅವರ ಮನೆಯಲ್ಲಿ ಊಟಕ್ಕೆ ಕೂತಾಗ ನಾನು ಬೇಸಿಗೆ ಭತ್ತ ಬೇಕು ಅನ್ನುತ್ತೇನೆ, ಕಾಲೇಜಿನಲ್ಲಿ ಮಾತಾಡುವಾಗ ಬೇಡ ಅನ್ನುತ್ತೇನೆ. ಎರಡೂ ಕಡೆ ನಂಬಿಯೇ ಅನ್ನುತ್ತೇನೆ. ನಿಮ್ಮಲ್ಲಿ ನಾಲೆಯ ಮೇಲ್ಭಾಗದವರೂ ಇದ್ದೀರಿ, ಕೊನೆಭಾಗದವರೂ ಇದ್ದೀರಿ, ಜಗಳೂರು ಕಡೆಯ ಸೊಸೆಯಂದಿರೂ ಇದ್ದೀರಿ. ಸಲಹಾ ಸಮಿತಿಯಲ್ಲಿ ನಿಮಗೆ ಒಂದು ಕುರ್ಚಿ ಕೊಟ್ಟರೆ ಮೊದಲ ತಾರೀಕು ಯಾರಿಗೆ ಬರೆಯುತ್ತೀರಿ? ಮೈಕು ಆ ಕಡೆ ಕೊಡ್ರಪ್ಪ, ಎಂಜಿನಿಯರ್ ಸಾಹೇಬರು ಆಗಲೇ ಕೈ ಎತ್ತಿದ್ದಾರೆ.