ಪರದೆಯ ಹಿಂದಿನ ಅಂಕ

ಮೊನ್ನೆ ಮೊಬೈಲಿನಲ್ಲಿ ಪ್ರಶ್ನಾವಳಿಯೊಂದನ್ನು ತುಂಬಿದೆ. ಅಮೆರಿಕದ ಪೀಟರ್ಸನ್, ಸೆಲಿಗ್ಮನ್ ಎಂಬ ಮನಶ್ಶಾಸ್ತ್ರಜ್ಞರು 2004ರಲ್ಲಿ ಪಟ್ಟಿ ಮಾಡಿದ 24 ಗುಣಗಳಲ್ಲಿ ನನಗೆ ಮೊದಲು ಬಂದದ್ದು, ಹಿಡಿದದ್ದನ್ನು ಬಿಡದ ಛಲ. ಅವ್ವ ನಕ್ಕಳು: “ಅರ್ಧ ಹೊಲಿದ ಕೌದಿ ಮೂಲ್ಯಾಗ ಬಿದ್ದೈತಿ, ಅದು ಯಾರದವಾ?”

ಛಲ ಅಂದಾಗ ನಮ್ಮ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ನೆನಪಾದರು. ತೊಗಲುಗೊಂಬೆ ಆಡಿಸುತ್ತಲೇ ಬಾಳಿದ ಅಜ್ಜಿ. 2025ರಲ್ಲಿ ಪದ್ಮಶ್ರೀ ಬಂದಾಗ ವಯಸ್ಸು 96. ಅವರ ಛಲಕ್ಕೆ ಹೊರಗಿನ ಅಂಕಪಟ್ಟಿ ಬಂದದ್ದು ಅಷ್ಟು ತಡ! ಆಟದ ಅಂಕ ಮಾತ್ರ ಆಗಲೇ ಸಿಗುತ್ತದೆ. ಗೊಂಬೆ ಆಡಿಸುವವರಿಗೆ ಪರದೆಯಾಚೆಯ ಮುಖ ಕಾಣುವುದಿಲ್ಲ. ಕೇಳುವುದು ಸದ್ದು ಮಾತ್ರ. ದೀಪದ ಬೆಳಕಿನಲ್ಲಿ ರಾಮನನ್ನು ತುಸು ಬಾಗಿಸಿದಾಗ ಆಚೆಯ ಗುಸುಗುಸು ನಿಂತಿತೋ ಇಲ್ಲವೋ, ಕೈಗೆ ಗೊತ್ತಾಗುತ್ತದೆ.

ನಾನು ಕೌದಿ ಎಳೆದು ತಂದೆ. ಸೂಜಿಗೆ ತುಕ್ಕು ಹಿಡಿದಿತ್ತು.