ಕಸಬೆಯ ಕನ್ನಡ ಶಾಲೆಯ ಒಂದು ವರ್ಷ
(ಪ್ರಾಥಮಿಕ ಶಿಕ್ಷಕರ ಕೂಟದಲ್ಲಿ ಮಾಡಿದ ಭಾಷಣ)



ಈಚೆಗೆ ನಮ್ಮ ನಾಡಿನ ಅನೇಕ ಕನ್ನಡ ಶಾಲೆಗಳು ತಮ್ಮ ಶತಮಾನೋತ್ಸವವನ್ನು ಆಚರಿಸುತ್ತಲಿವೆ. ಅಂಥ ಸಮಾರಂಭಗಳಲ್ಲಿ, ಆ ಶಾಲೆಯಲ್ಲಿ ಕಲಿತು ದೊಡ್ಡ ಪದವಿಗೇರಿದವರ ಹೆಸರುಗಳನ್ನು ಓದುವದು ರೂಢಿಯಾಗಿದೆ. ಅದು ಯೋಗ್ಯವೇ ಸರಿ. ಆದರೆ ಶಾಲೆಯ ಚರಿತ್ರೆಯನ್ನು ಅಲ್ಲಿ ಕಲಿತು ಹೊರಬಿದ್ದವರಿಂದ ಮಾತ್ರವೇ ಅಳೆಯಬೇಕೋ, ನಡುವೆಯೇ ಬಿಟ್ಟುಹೋದವರನ್ನೂ ಲೆಕ್ಕಕ್ಕೆ ಹಿಡಿಯಬೇಕೋ ಎಂಬದು ನಾವು ಈ ದಿನ ತಮ್ಮ ಮುಂದಿಡುವ ಪ್ರಶ್ನೆಯು. ಅದಕ್ಕಾಗಿ ತಮ್ಮನ್ನು ೧೯೦೫ರಿಂದ ೧೯೧೮ರ ನಡುವಣ ಕಾಲಕ್ಕೆ, ಆಗಿನ ಧಾರವಾಡ ಜಿಲ್ಲೆಯ ಒಂದು ಕಸಬೆಗೆ, ಹಾವೇರಿ ರಾಣೆಬೆನ್ನೂರು ನರಗುಂದಗಳಂಥ ಊರಿಗೆ, ಕರೆದುಕೊಂಡು ಹೋಗುವೆವು.

ಆ ಶಾಲೆಗೆ ಎರಡು ಪಂಚಾಂಗಗಳಿದ್ದವು. ಒಂದು ಸರಕಾರದ್ದು, ಅದು ಹಾಜರಿ ಪುಸ್ತಕದಲ್ಲಿ ಇಂಗ್ರೇಜಿ ತಿಂಗಳುಗಳಿಂದ ನಡೆಯುವದು. ಇನ್ನೊಂದು ಊರಿನದು, ಅದು ಮಳೆ, ಬಿತ್ತಿಗೆ, ಹಬ್ಬ, ಸುಗ್ಗಿಗಳಿಂದ ನಡೆಯುವದು. ಹುಡುಗರು ಎರಡನೆಯದನ್ನೇ ಅನುಸರಿಸುತ್ತಿದ್ದರು. ಮಾಸ್ತರರು ಮೊದಲನೆಯದಕ್ಕೆ ಉತ್ತರ ಕೊಡಬೇಕಾಗಿತ್ತು. ಬಡ ಮಾಸ್ತರರ ತೊಂದರೆಗಳಲ್ಲಿ ಬಹುಭಾಗವು ಈ ಎರಡು ಪಂಚಾಂಗಗಳ ಜಗಳದಿಂದಲೇ ಹುಟ್ಟಿದ್ದೆಂದು ನಮಗೆ ತೋರುತ್ತದೆ.

ಜ್ಯೇಷ್ಠದಲ್ಲಿ ಕಾರಹುಣ್ಣಿವೆ. ಎತ್ತುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಕರಿ ಹರಿಯುವ ದಿನ ಶಾಲೆಯಲ್ಲಿ ಯಾರು ಕುಳಿತಾರು? ಅದರ ಹಿಂದೆಯೇ ಮಣ್ಣೆತ್ತಿನ ಅಮಾವಾಸ್ಯೆ. ಎಳೆಯರ ಕೈಗೆ ಬಳಪಕ್ಕಿಂತ ಎರೆಮಣ್ಣೇ ಪ್ರಿಯವಾದ ದಿನ. ಶ್ರಾವಣದಲ್ಲಿ ಪಂಚಮಿಯ ಜೋಕಾಲಿ, ಉಂಡಿ; ಭಾದ್ರಪದದಲ್ಲಿ ಚೌತಿ. ಮಹಾನವಮಿಗೆ ಪಾಟಿ ಪುಸ್ತಕಗಳಿಗೆ ಪೂಜೆ, ಮರುದಿನ ಬನ್ನಿ ಕೊಟ್ಟು ಗುರುಗಳಿಗೆ ನಮಸ್ಕಾರ. ಇದೇ ಕಾಲಕ್ಕೆ ಮೈಸೂರ ಸೀಮೆಯಲ್ಲಿಯೂ ಮಲೆನಾಡಿನಲ್ಲಿಯೂ ಹುಡುಗರು ಚೌಪದ ಹೇಳುತ್ತ ಮನೆಮನೆಗೆ ತಿರುಗಿ, ತಮ್ಮ ಅಯ್ಯಗಳಿಗಾಗಿ ಕಾಸು ಕಾಳು ಕೂಡಿಸುತ್ತಿದ್ದರು. ಸಂಬಳದ ಮಾಸ್ತರರು ಬಂದ ಮೇಲೆ ಆ ಪದ್ಧತಿಯು ಮೆಲ್ಲನೆ ನಿಂತಿತು. ಭಿಕ್ಷೆಯು ಹೋಯಿತೆಂದು ಸಂತೋಷಪಡುವವರುಂಟು. ಆದರೆ ವರ್ಷಕ್ಕೊಮ್ಮೆಯಾದರೂ ಊರವರು ಬಾಗಿಲಲ್ಲಿ ನಿಂತು ಮಕ್ಕಳ ಕಲಿಕೆಯನ್ನು ಕಿವಿಯಾರೆ ಕೇಳುತ್ತಿದ್ದದ್ದೂ ಅದರೊಂದಿಗೆ ನಿಂತಿತೆಂಬದನ್ನು ಮರೆಯಬಾರದು.

ಕಲಿಕೆಯೆಂದರೇನು? ಎಳೆಯರಿಗೆ ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದುವದು. ಹುಣಿಸೆ ಬೀಜಗಳಿಂದ ಎಣಿಕೆ. ಸಂಜೆಗೆ ಎಲ್ಲರೂ ಕೂಡಿ ಒಂದೇ ಸ್ವರದಲ್ಲಿ ಮಗ್ಗಿ. ಅದೂ ಬರಿಯ ಪೂರ್ಣಸಂಖ್ಯೆಯ ಮಗ್ಗಿಯಲ್ಲ. ಕಾಲು, ಅರೆ, ಮುಕ್ಕಾಲು, ಸವಾಯಿ, ದೀಡಿಗಳ ಮಗ್ಗಿ. ಇಂದಿನವರು ಇದನ್ನು ವ್ಯರ್ಥ ಕಂಠಪಾಠವೆನ್ನುವರು. ಆದರೆ ರೂಪಾಯಿಗೆ ೧೬ ಆಣೆ, ಆಣೆಗೆ ೧೨ ಪೈ, ಮಣಕ್ಕೆ ೪೦ ಸೇರು ಇದ್ದ ಕಾಲವದು. ಪೇಟೆಯಲ್ಲಿ ಅಡತಿಯವನು ಬಾಯಿಲೆಕ್ಕದಿಂದ ಹತ್ತಿಯ ಬೆಲೆ ಹೇಳಿದರೆ, ತಿರುಗಿ ಬಾಯಿಲೆಕ್ಕದಿಂದಲೇ ತಾಳೆನೋಡಬಲ್ಲ ರೈತನು ಮೋಸಹೋಗುತ್ತಿರಲಿಲ್ಲ. ೧೯೫೭ರ ಎಪ್ರಿಲದಲ್ಲಿ ದಶಮಾಂಶ ನಾಣ್ಯವು ಬಂದ ಮೇಲೆ ಆ ಮಗ್ಗಿಗಳು ಬಾಯಿಂದ ಜಾರಿದವು. ಮೋಡಿ ಬರಹವನ್ನು ಓದಬಲ್ಲವರೂ ಹಾಗೆಯೇ ವಿರಳರಾದರು. ಮನೆಯ ಹಳೆಯ ಕಾಗದಪತ್ರಗಳು ಈಗ ಮೊಮ್ಮಕ್ಕಳಿಗೆ ಬರಿಯ ಗೀಟುಗಳಾಗಿ ಕಾಣುತ್ತವೆ.

ಚಳಿಗಾಲದಲ್ಲಿ ಡೆಪ್ಯುಟಿ ಸಾಹೇಬರ ಸವಾರಿ. ನೆಲ ಸಾರಿಸಿ, ತೋರಣ ಕಟ್ಟಿ, ತಿಂಗಳುಗಟ್ಟಲೆ ಮುಖ ತೋರದ ಹುಡುಗರನ್ನು ಹೊಲಗಳಿಂದ ಹಿಡಿದು ತಂದು ಕುಳ್ಳಿರಿಸುವರು. ಆದರೆ ಪುಷ್ಯಮಾಸದಲ್ಲಿ ಜೋಳವು ತೆನೆಗಟ್ಟಿರುತ್ತದೆ. ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಕಾಯಲು ಹತ್ತು ವರ್ಷದ ಹುಡುಗನೇ ತಕ್ಕವನು. ಮುಂದೆ ಜೋಳದ ಕೊಯ್ಲು, ಅದರ ಬೆನ್ನಿಗೆ ಹತ್ತಿ ಬಿಡಿಸುವದು. ಪರೀಕ್ಷೆಯ ಹೊತ್ತಿಗೆ ಹಾಜರಿ ಪುಸ್ತಕದ ಪುಟವೆಲ್ಲ ಸೊನ್ನೆ. ತಂದೆಯು ಮೂಢನೆಂದು ಬೈಯುವದು ಸುಲಭ. ಮಗನ ಎರಡು ಕೈಗಳನ್ನು ಬಿಟ್ಟರೆ ಆತನಿಗೆ ಬೇರೆ ಕೂಲಿಯಾಳು ಎಲ್ಲಿದ್ದನು? ಮೇಲಾಗಿ ಶಾಲೆಗೆ ಫೀ ಬೇರೆ. ೧೯೧೧ರಲ್ಲಿ ಗೋಖಲೆಯವರು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು ದೊಡ್ಡ ಕೌನ್ಸಿಲಿನಲ್ಲಿ ಮಸೂದೆಯನ್ನು ತಂದರು. ಮರುವರ್ಷ ಅದು ಬಿದ್ದುಹೋಯಿತು. ಮೈಸೂರು ಸಂಸ್ಥಾನವು ೧೯೧೩ರಲ್ಲಿ ತನ್ನ ಕಾಯದೆಯನ್ನು ಮಾಡಿಕೊಂಡಿತು. ಮುಂಬಯಿ ಇಲಾಖೆಯಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ೧೯೧೮ರಲ್ಲಿ ಕಾಯದೆಯಾದರೂ ಅದು ಮುನಿಸಿಪಾಲಿಟಿಗಳ ಇಚ್ಛೆಗೆ ಬಿಟ್ಟದ್ದಾಗಿತ್ತು.

ಇವೆಲ್ಲವುಗಳ ಮೇಲೆ ಪ್ಲೇಗು. ೧೮೯೮ರಲ್ಲಿ ಹುಬ್ಬಳ್ಳಿಯನ್ನು ಹಾಳುಗೆಡವಿದ ಆ ಮಾರಿಯು ಮುಂದೆ ಅನೇಕ ವರ್ಷ ಈ ಸೀಮೆಯನ್ನು ಬಿಡಲಿಲ್ಲ. ಇಲಿ ಬಿದ್ದಿತೆಂದರೆ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವದು, ಶಾಲೆಗೆ ಬೀಗ. ೧೯೧೮ರ ಇನ್‌ಫ್ಲುಯೆಂಝಾ ಬಂದಾಗಲಂತೂ ಓಡಿಹೋಗಲು ಸಹ ಅವಕಾಶವಾಗಲಿಲ್ಲ.

ಇಷ್ಟು ಕಷ್ಟದ ಶಾಲೆಗಳಿಂದಲೇ ಕನ್ನಡವು ಬದುಕಿತೆಂಬದನ್ನೂ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಭಾಗದ ಶಾಲೆಗಳಲ್ಲಿ ಮರಾಠಿಯದೇ ಪ್ರಾಬಲ್ಯವಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರ ದುಡಿಮೆಯಿಂದ ಕನ್ನಡಕ್ಕೆ ತನ್ನ ಮನೆಯಲ್ಲಿ ಜಾಗ ದೊರೆಯಿತು. ಕಾದಂಬರಿಕಾರ ಗಳಗನಾಥರು ಕನ್ನಡ ಶಾಲೆಯ ಮಾಸ್ತರರೇ. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಶಾಂತಕವಿಗಳೂ ಮಾಸ್ತರರೇ. ಅತ್ತ ಮಂಗಳೂರು ಸೀಮೆಯಲ್ಲಿ ಪಂಜೆ ಮಂಗೇಶರಾಯರು ಶಾಲೆಗಳನ್ನು ತಪಾಸುಮಾಡುತ್ತಲೇ ಮಕ್ಕಳಿಗೆ ಹಾಡುಗಳನ್ನು ಬರೆದರು. ಆದರೆ ಪಂಜೆಯವರದು ಮದ್ರಾಸ ಇಲಾಖೆ, ನಮ್ಮದು ಮುಂಬಯಿ ಇಲಾಖೆ. ಪಠ್ಯಪುಸ್ತಕ ಬೇರೆ, ಪರೀಕ್ಷೆ ಬೇರೆ. ಇಲ್ಲಿ ಇಯತ್ತೆ ಎಂದರೆ ತುಂಗಭದ್ರೆಯ ಆಚೆಯ ಹುಡುಗನಿಗೆ ತಿಳಿಯದು. ಇಲ್ಲಿಯ ಪಾಟಿ ಅಲ್ಲಿ ಸ್ಲೇಟು. ಒಂದು ಹೊಳೆ ದಾಟಿದರೆ ಕನ್ನಡದ ಹುಡುಗನು ಕನ್ನಡ ಶಾಲೆಯಲ್ಲಿಯೇ ಪರಕೀಯನಾಗುತ್ತಿದ್ದನು. ೧೯೫೬ರ ನವೆಂಬರ ೧ಕ್ಕೆ ಮೊದಲು ಈ ಸ್ಥಿತಿಯೇ ಇತ್ತು.

ಇನ್ನು ಹೇಳಲು ಸಂಕೋಚವಾಗುವ ಮಾತು. ಊರ ಶಾಲೆ, ನಮ್ಮ ಶಾಲೆ ಎಂದು ನಾವು ಅಭಿಮಾನದಿಂದ ಅನ್ನುತ್ತೇವೆ. ಯಾರ ಶಾಲೆ? ೧೮೫೬ರ ಜೂನದಲ್ಲಿ, ಇದೇ ಧಾರವಾಡದಲ್ಲಿ, ಮಹಾರ ಜಾತಿಯ ಬಾಲಕನೊಬ್ಬನು ಸರಕಾರಿ ಶಾಲೆಯಲ್ಲಿ ತನಗೆ ಪ್ರವೇಶವಿಲ್ಲವೆಂದು ಮುಂಬಯಿ ಸರಕಾರಕ್ಕೆ ಅರ್ಜಿ ಮಾಡಿಕೊಂಡನು. ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟಾರೆಂದು ಅಂಜಿ ಸರಕಾರವು ಅವನ ಅರ್ಜಿಯನ್ನು ನಡೆಸಿಕೊಡಲಿಲ್ಲ. ೧೮೫೮ರಲ್ಲಿ ಕಂಪನಿಯ ಡೈರೆಕ್ಟರರು ಸರಕಾರಿ ಶಾಲೆಗಳು ಎಲ್ಲ ಜಾತಿಯವರಿಗೂ ತೆರೆದಿರಬೇಕೆಂದು ಬರೆದರು. ಬರೆದದ್ದು ಕಾಗದದ ಮೇಲೆ ಉಳಿಯಿತು. ನಾವು ವರ್ಣಿಸುತ್ತಿರುವ ಕಾಲದಲ್ಲಿಯೂ ಅನೇಕ ಊರುಗಳಲ್ಲಿ ಆ ಮಕ್ಕಳು ಕುಳಿತದ್ದು ಪಡಸಾಲೆಯ ಹೊರಗೆ, ಇಲ್ಲವೆ ಕುಳಿತೇ ಇಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಅಂಥ ಮಕ್ಕಳಿಗಾಗಿ ಬೇರೆ ಶಾಲೆಗಳನ್ನು ತೆರೆದು, ಸ್ವಂತ ಸಮಾಜದವರಿಂದಲೇ ಬಹಿಷ್ಕಾರವನ್ನುಂಡರು. ಹೆಣ್ಣುಮಕ್ಕಳ ಶಾಲೆಯ ಮಾತು ಇನ್ನೊಂದು ಬಗೆ: ಎರಡನೆಯ ಮೂರನೆಯ ಇಯತ್ತೆಗೆ ಬರುವಷ್ಟರಲ್ಲಿಯೇ ಮದುವೆ. ಶಾರದಾ ಕಾಯದೆಯು ೧೯೨೯ರಲ್ಲಿ ಬಂದು ಹುಡುಗಿಗೆ ೧೪ ವರ್ಷವೆಂದು ಗೊತ್ತುಮಾಡಿತು. ಅಷ್ಟರೊಳಗೆ ಎಷ್ಟು ಪಾಟಿಗಳು ಅಟ್ಟ ಸೇರಿದ್ದವೋ.

ಮಹನೀಯರೇ, ಈ ಎಲ್ಲ ಸಂಗತಿಗಳಿಗೆ ಸಾಕ್ಷಿಯೊಂದುಂಟು. ಹಳೆಯ ಶಾಲೆಗಳ ದಾಖಲು ಪುಸ್ತಕವನ್ನು ತೆರೆದು ನೋಡಿರಿ. ಹುಡುಗನ ಹೆಸರು, ಶಾಲೆಗೆ ಬಂದ ತಾರೀಖು, ಬಿಟ್ಟ ತಾರೀಖು, ಕಡೆಗೆ ಒಂದು ಸಣ್ಣ ಮನೆ: ಶಾಲೆ ಬಿಟ್ಟ ಕಾರಣ. ಎಲ್ಲರೂ ಮೊದಲ ಮನೆಯನ್ನು ಓದುವರು, ಕೊನೆಯ ಮನೆಯನ್ನು ಯಾರೂ ಓದುವದಿಲ್ಲ. ಮಾಸ್ತರರು ಅವಸರದಲ್ಲಿ ಬರೆದ ಆ ಒಂದೆರಡು ಶಬ್ದಗಳಲ್ಲಿ ಬೇಸಾಯವಿದೆ, ಬರವಿದೆ, ಪ್ಲೇಗಿದೆ, ಮದುವೆಯಿದೆ; ಖಾಲಿ ಬಿಟ್ಟ ಕಡೆ ಏನಿದೆಯೆಂಬದನ್ನು ನಾವು ಊಹಿಸಬೇಕು. ಅದರ ಬಾಗಿಲಿನವರೆಗೂ ಬರಲಾರದವರ ಹೆಸರಂತೂ ಯಾವ ಮನೆಯಲ್ಲಿಯೂ ಇಲ್ಲ.

ಆದುದರಿಂದ ನಮ್ಮ ಬಿನ್ನಹವು ಇಷ್ಟೇ. ಶತಮಾನೋತ್ಸವದ ಸ್ಮರಣಸಂಚಿಕೆಗೆ ಛಾಯಾಚಿತ್ರಗಳನ್ನು ಕೂಡಿಸುವ ಮೊದಲು, ಪ್ರತಿಯೊಂದು ಶಾಲೆಯವರು ತಮ್ಮ ಹಳೆಯ ದಾಖಲು ಪುಸ್ತಕದ ಈ ಕೊನೆಯ ಮನೆಯನ್ನು, ಹೆಸರುಗಳನ್ನು ಬಿಟ್ಟು, ವರ್ಷವಾರಿಯಾಗಿ ನಕಲುಮಾಡಬೇಕು. ಗೆದ್ದಲು ನಮಗಾಗಿ ಕಾಯುವದಿಲ್ಲ. ತಮ್ಮಲ್ಲಿ ಯಾರ ಶಾಲೆಯ ಪೆಟ್ಟಿಗೆಯಲ್ಲಿ ೧೯೨೦ಕ್ಕೆ ಹಿಂದಿನ ಪುಸ್ತಕವಿದೆಯೋ ಅವರು ಈ ಸಭೆ ಮುಗಿದ ಬಳಿಕ ದಯಮಾಡಿ ನಮ್ಮನ್ನು ಕಾಣಬೇಕು. ಮೋಡಿ ಓದಬಲ್ಲ ಹಿರಿಯರೊಬ್ಬರು ನಮ್ಮೊಡನೆ ಬಂದಿರುವರು.